ಲೆಕ್ಕ ಸರಿ ಅಂತ ಯಾರು ಹೇಳಬೇಕು? ಕಾದ ಪೈಪಿನ ಪರೀಕ್ಷೆ, ಅದರ ವಿಜ್ಞಾನ ಮತ್ತು ರಾಜಕಾರಣ

1985ರ ಜೂನ್ 9. ಅಮೆರಿಕದ ನೆವಾಡಾ ರಾಜ್ಯದ ಲಾಫ್ಲಿನ್ ಬಳಿಯ ಮೊಹಾವೆ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಬಿಸಿ ಹಬೆ ಸಾಗಿಸುವ ದೊಡ್ಡ ಪೈಪೊಂದು ಉದ್ದಕ್ಕೆ ಸೀಳಿತು. 6 ಮಂದಿ ಸತ್ತರು, 10 ಮಂದಿ ಗಾಯಗೊಂಡರು. ಆ ಪೈಪನ್ನು ಯಾರೋ ಅಂದಾಜಿನ ಮೇಲೆ ಹಾಕಿರಲಿಲ್ಲ. ಆ ಕಾಲದ ಕೋಡ್ ಪ್ರಕಾರ ಲೆಕ್ಕ ಹಾಕಿ, ಸುರಕ್ಷತೆಗೆ ಒಂದಷ್ಟು ಹೆಚ್ಚುವರಿ ಸೇರಿಸಿಯೇ ಅಳವಡಿಸಿದ್ದರು. ಸ್ಥಾವರ ಶುರುವಾಗಿದ್ದು 1971ರಲ್ಲಿ. 14 ವರ್ಷ ಏನೂ ಆಗಲಿಲ್ಲ. ಆಮೇಲೆ ಒಂದು ದಿನ ಪೈಪಿನ ಉದ್ದಕ್ಕೂ ಇದ್ದ ವೆಲ್ಡಿಂಗ್ ಬಿಟ್ಟುಕೊಂಡಿತು.

ವಿದ್ಯುತ್ ಸ್ಥಾವರ ಇರಲಿ, ಅಣು ರಿಯಾಕ್ಟರ್ ಇರಲಿ, "ಇದು ಇನ್ನೂ 30 ವರ್ಷ ತಾಳುತ್ತೆ" ಅಂತ ಯಾರಾದ್ರೂ ಹೇಳಿದಾಗ ಆ ಮಾತಿನ ಹಿಂದೆ ಇರೋದು ಒಂದು ಲೆಕ್ಕ. ಎಂಜಿನಿಯರ್‌ಗಳು ಅದನ್ನು ಸ್ಟ್ರಕ್ಚರಲ್ ಅನಾಲಿಸಿಸ್ ಅಂತಾರೆ. ಆ ಲೆಕ್ಕದ ಮೇಲೆ ಲೈಸೆನ್ಸ್ ಸಿಗುತ್ತೆ, ಸಾಲ ಸಿಗುತ್ತೆ, ಪಕ್ಕದ ಊರಿನ ಜನಕ್ಕೆ ಭರವಸೆ ಸಿಗುತ್ತೆ. ಆದ್ರೆ ಲೆಕ್ಕವೇ ಸರಿಯಿದೆ ಅಂತ ತಿಳಿಯೋದು ಹೇಗೆ? ಇದಕ್ಕೆ ಇರುವ ಉತ್ತರ ಒಂದೇ: ನಿಜವಾದ ಪೈಪನ್ನು ತಂದು, ಕಾಯಿಸಿ, ಬಗ್ಗಿಸಿ, ತಿಂಗಳುಗಟ್ಟಲೆ ಹಾಗೇ ಹಿಡಿದಿಟ್ಟು, ಲೆಕ್ಕ ಹೇಳಿದ್ದೇ ಆಯ್ತಾ ಅಂತ ನೋಡೋದು. ಆ ಪರೀಕ್ಷೆ ಏನು, ಎಲ್ಲಿಂದ ಬಂತು, ಎಲ್ಲಿ ಸೋತಿದೆ, ನಮ್ಮ ರಾಯಚೂರಿಗೂ ಕಲ್ಪಾಕ್ಕಂಗೂ ಅದರಿಂದ ಏನಾಗಬೇಕು ಅನ್ನೋದನ್ನ ಇಲ್ಲಿ ಒಂದೊಂದಾಗಿ ನೋಡೋಣ.

ಇದು ನಲ್ಲಿ ಪೈಪಲ್ಲ

ಮನೆಯ ಕುಕ್ಕರ್ ಒಳಗೆ ಹಬೆಯ ಬಿಸಿ ಸುಮಾರು 120 ಡಿಗ್ರಿ ಸೆಲ್ಸಿಯಸ್. ಹೊರಗಿನ ಗಾಳಿಗಿಂತ ಒಳಗೆ ಹೆಚ್ಚಿರುವ ಒತ್ತಡ ಸುಮಾರು ಒಂದು ವಾತಾವರಣದಷ್ಟು. ಈಗ 210 ಮೆಗಾವಾಟ್‌ನ ಒಂದು ಕಲ್ಲಿದ್ದಲು ಘಟಕ ತಗೊಳ್ಳಿ. ರಾಯಚೂರು ಶಾಖೋತ್ಪನ್ನ ಕೇಂದ್ರದ, ಅಂದ್ರೆ ಆರ್‌ಟಿಪಿಎಸ್‌ನ 8 ಘಟಕಗಳಲ್ಲಿ 7 ಇದೇ ಅಳತೆಯವು. ಈ ದರ್ಜೆಯ ಘಟಕದಲ್ಲಿ ಬಾಯ್ಲರ್‌ನಿಂದ ಟರ್ಬೈನ್‌ಗೆ ಹೋಗುವ ಹಬೆ ಸುಮಾರು 540 ಡಿಗ್ರಿ ಕಾದಿರುತ್ತೆ. ಒತ್ತಡ 130ರಿಂದ 150 ಪಟ್ಟು. ಕತ್ತಲಲ್ಲಿ ನೋಡಿದ್ರೆ ಉಕ್ಕು ಮಂದವಾಗಿ ಕೆಂಪೇರಲು ಶುರುವಾಗುವ ಹಂತದ ಹತ್ತಿರ ಅದು.

ಇಷ್ಟು ಕಾದಾಗ ಮೊದಲ ತೊಂದರೆ ಹಿಗ್ಗುವಿಕೆ. 100 ಮೀಟರ್ ಉಕ್ಕಿನ ಪೈಪು ತಣ್ಣಗಿನ ಸ್ಥಿತಿಯಿಂದ 540 ಡಿಗ್ರಿಗೆ ಹೋದ್ರೆ ಸುಮಾರು 70 ಸೆಂಟಿಮೀಟರ್ ಉದ್ದ ಆಗುತ್ತೆ. ಎರಡೂ ತುದಿ ಬಿಗಿಯಾಗಿ ಕಟ್ಟಿದ್ರೆ ಆ 70 ಸೆಂಟಿಮೀಟರ್ ಹೋಗೋದೆಲ್ಲಿಗೆ? ಅದಕ್ಕೇ ಪೈಪನ್ನು ನೇರವಾಗಿ ಎಳೆಯಲ್ಲ. ಅಲ್ಲಲ್ಲಿ ತಿರುವು ಕೊಟ್ಟು, ಸ್ಪ್ರಿಂಗ್‌ಗಳಿಂದ ತೂಗುಹಾಕಿ, ಇಡೀ ಸಾಲು ಅಲುಗಾಡೋಕೆ ಜಾಗ ಬಿಡ್ತಾರೆ. ಹಿಗ್ಗುವಿಕೆಯ ಪೆಟ್ಟನ್ನೆಲ್ಲ ತಿನ್ನೋದು ಎಲ್ಬೋ. ಹಾಗಾಗಿ ಪೈಪ್ ಪರೀಕ್ಷೆ ಅಂದ್ರೆ ಬಹುಪಾಲು ಎಲ್ಬೋ, ಟೀ ಮತ್ತು ವೆಲ್ಡಿಂಗ್‌ಗಳ ಪರೀಕ್ಷೆ. ನೇರ ಪೈಪು ಸಾಮಾನ್ಯವಾಗಿ ಕೈಕೊಡಲ್ಲ.

ಕ್ರೀಪ್: ಉಕ್ಕಿಗೂ ವಯಸ್ಸಾಗುತ್ತೆ

ಎರಡನೆಯ ತೊಂದರೆ ಇನ್ನೂ ಸೂಕ್ಷ್ಮ. ತಣ್ಣಗಿರುವ ಉಕ್ಕಿನ ತೊಲೆ ಮೇಲೆ ಒಂದು ಭಾರ ಇಟ್ಟು ಹತ್ತು ವರ್ಷ ಬಿಟ್ಟು ಬನ್ನಿ, ಅದು ಹೆಚ್ಚುಕಮ್ಮಿ ಹಾಗೇ ಇರುತ್ತೆ. ಕಾದ ಉಕ್ಕು ಹಾಗಲ್ಲ. ಭಾರ ಹೆಚ್ಚದಿದ್ದರೂ, ಬಿಸಿ ಹೆಚ್ಚದಿದ್ದರೂ, ಅದು ದಿನದಿನಕ್ಕೂ ಕೂದಲೆಳೆಯಷ್ಟು ಜಗ್ಗುತ್ತಾ ಹೋಗುತ್ತೆ. ಇದನ್ನೇ ಕ್ರೀಪ್ ಅನ್ನೋದು. 1910ರಲ್ಲಿ ಬ್ರಿಟಿಷ್ ಭೌತವಿಜ್ಞಾನಿ ಆಂಡ್ರಾಡೆ ಸೀಸದ ತಂತಿಗಳಿಗೆ ಭಾರ ತೂಗುಹಾಕಿ ಇದನ್ನು ಕ್ರಮಬದ್ಧವಾಗಿ ಅಳೆದರು. ಅಮೆರಿಕದ ಎಂಜಿನಿಯರ್‌ಗಳ ಸಂಘವಾದ ಎಎಸ್‌ಎಂಇಯ ಅಣು ಕೋಡ್ ಪ್ರಕಾರ ಸಾಮಾನ್ಯ ಉಕ್ಕಿಗೆ ಸುಮಾರು 370 ಡಿಗ್ರಿ, ಸ್ಟೇನ್‌ಲೆಸ್ ಸ್ಟೀಲ್‌ಗೆ ಸುಮಾರು 425 ಡಿಗ್ರಿ ದಾಟಿದ ಮೇಲೆ ಕ್ರೀಪ್ ಲೆಕ್ಕ ಹಾಕಲೇಬೇಕು. ಅದರ ಕೆಳಗೆ ಲೆಕ್ಕ ಸುಲಭ: ಎಷ್ಟು ಭಾರ, ಎಷ್ಟು ದಪ್ಪ. ಅದರ ಮೇಲೆ ಮೂರನೆಯದೊಂದು ಸೇರುತ್ತೆ: ಎಷ್ಟು ಕಾಲ.

ಕಾಲವನ್ನು ಪರೀಕ್ಷಿಸೋದೇ ದೊಡ್ಡ ಕಷ್ಟ. 1 ಲಕ್ಷ ಗಂಟೆ ತಾಳುತ್ತೆ ಅಂತ ತೋರಿಸೋಕೆ 1 ಲಕ್ಷ ಗಂಟೆ, ಅಂದ್ರೆ ಹನ್ನೊಂದೂವರೆ ವರ್ಷ ಹತ್ತಿರ ಹತ್ತಿರ ಕಾಯಬೇಕು. ಅಷ್ಟು ತಾಳ್ಮೆ ಯಾವ ಕಂಪನಿಗೂ ಇಲ್ಲ. ಅದಕ್ಕೆ 1952ರಲ್ಲಿ ಲಾರ್ಸನ್ ಮತ್ತು ಮಿಲ್ಲರ್ ಎಂಬ ಇಬ್ಬರು ಒಂದು ಅಡ್ಡದಾರಿ ಕೊಟ್ಟರು: ಹೆಚ್ಚು ಬಿಸಿಯಲ್ಲಿ ಕಡಿಮೆ ಕಾಲ ಪರೀಕ್ಷಿಸಿ, ಅದರಿಂದ ಕಡಿಮೆ ಬಿಸಿಯಲ್ಲಿ ಹೆಚ್ಚು ಕಾಲದ ಆಯಸ್ಸನ್ನು ಊಹಿಸಿ.

ಸೂತ್ರಕ್ಕೆ ಸಂಖ್ಯೆ ಹಾಕಿ ನೋಡಿದ್ರೆ ಅದರ ಶಕ್ತಿಯೂ ಅಪಾಯವೂ ಒಟ್ಟಿಗೇ ಕಾಣುತ್ತೆ. 540 ಡಿಗ್ರಿಯಲ್ಲಿ 1 ಲಕ್ಷ ಗಂಟೆ ಬಾಳುವ ಉಕ್ಕನ್ನು ಅದೇ ಭಾರದಲ್ಲಿ 600 ಡಿಗ್ರಿಗೆ ಕಾಯಿಸಿದ್ರೆ ಸುಮಾರು 1,900 ಗಂಟೆಯಲ್ಲಿ ಮುರಿಯುತ್ತೆ. ಅಂದ್ರೆ 80 ದಿನದ ಪರೀಕ್ಷೆ ಸಾಕು. ಅನುಕೂಲ ಅಲ್ವಾ? ಆದ್ರೆ ಆ ಸೂತ್ರದಲ್ಲಿ ಸಾಮಾನ್ಯವಾಗಿ 20 ಅಂತ ಹಿಡಿಯುವ ಒಂದು ಸ್ಥಿರಾಂಕ ಇದೆ. ನಿಮ್ಮ ಉಕ್ಕಿಗೆ ಅದು 20ರ ಬದಲು 18 ಆಗಿದ್ದರೆ, ಅದೇ 80 ದಿನದ ಪರೀಕ್ಷೆಯಿಂದ ಸಿಗುವ ಉತ್ತರ 1 ಲಕ್ಷ ಗಂಟೆಯಲ್ಲ, ಸುಮಾರು 71 ಸಾವಿರ. ಇನ್ನೊಂದು: 540ರಲ್ಲಿ ಓಡಬೇಕಾದ ಪೈಪು ನಿರಂತರವಾಗಿ 560ರಲ್ಲಿ ಓಡಿದ್ರೆ 1 ಲಕ್ಷ ಗಂಟೆಯ ಆಯಸ್ಸು 25 ಸಾವಿರಕ್ಕೆ ಇಳಿಯುತ್ತೆ. ಬರೀ 20 ಡಿಗ್ರಿ ಫರಕಿಗೆ ಮುಕ್ಕಾಲು ಆಯಸ್ಸು ಹೋಯ್ತು.

ತುಂಡು ಬೇರೆ, ಪೈಪು ಬೇರೆ

ಇಲ್ಲಿಯವರೆಗೆ ಹೇಳಿದ್ದು ಬೆರಳಿನಷ್ಟು ದಪ್ಪದ ಉಕ್ಕಿನ ಕಡ್ಡಿಯ ಪರೀಕ್ಷೆ. ಅದು ಲೋಹದ ಗುಣ ಹೇಳುತ್ತೆ. ಎಲ್ಬೋ ಹೇಗೆ ವರ್ತಿಸುತ್ತೆ ಅಂತ ಹೇಳಲ್ಲ.

ಇದಕ್ಕೊಂದು ಹಳೆಯ ಪಾಠ ಇದೆ. 1910ರಲ್ಲಿ ಜರ್ಮನಿಯ ಬಾಂಟ್ಲಿನ್ ಬಾಗಿದ ಪೈಪುಗಳನ್ನು ಬಗ್ಗಿಸಿ ಅಳೆದಾಗ, ಅವು ಆಗಿನ ಸಿದ್ಧಾಂತ ಹೇಳಿದ್ದಕ್ಕಿಂತ ತುಂಬಾ ಸಲೀಸಾಗಿ ಬಗ್ಗಿದವು. ಅಳತೆ ತಪ್ಪೋ, ಸಿದ್ಧಾಂತ ತಪ್ಪೋ? ಮರುವರ್ಷ, 1911ರಲ್ಲಿ, ಥಿಯೋಡರ್ ಫಾನ್ ಕಾರ್ಮಾನ್ ಕಾರಣ ಹೇಳಿದರು. ಎಲ್ಬೋ ಬಗ್ಗುವಾಗ ಅದರ ದುಂಡಗಿನ ಬಾಯಿ ಮೊಟ್ಟೆಯಾಕಾರಕ್ಕೆ ಚಪ್ಪಟೆಯಾಗುತ್ತೆ. ಅದರಿಂದ ಬಗ್ಗೋದು ಸುಲಭವಾಗುತ್ತೆ, ಆದ್ರೆ ಗೋಡೆಯೊಳಗಿನ ಸ್ಟ್ರೆಸ್ ಜಾಸ್ತಿಯಾಗುತ್ತೆ. ಹಳೆಯ ಸಿದ್ಧಾಂತ ಈ ಚಪ್ಪಟೆಯಾಗುವಿಕೆಯನ್ನೇ ಮರೆತಿತ್ತು. ಒಬ್ಬರು ಅಳೆದು ನೋಡದೇ ಇದ್ದಿದ್ದರೆ ಇನ್ನೊಬ್ಬರಿಗೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಮುಂದಿನ ದೊಡ್ಡ ಹೆಜ್ಜೆ ಎ.ಆರ್.ಸಿ. ಮಾರ್ಕ್ಲ್ ಅವರದು. ಅಮೆರಿಕದ ಕೆಂಟಕಿಯಲ್ಲಿ ಪೈಪ್ ಫಿಟಿಂಗ್ ತಯಾರಿಸುವ ಕಂಪನಿಯೊಂದರಲ್ಲಿ ಅವರು 4 ಇಂಚಿನ ಪೈಪುಗಳಿಗೆ ಎಲ್ಬೋ, ಟೀ ಜೋಡಿಸಿ, ಒಳಗೆ ನೀರು ತುಂಬಿ, ನೀರು ಸೋರುವ ತನಕ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದರು. ಮುಖ್ಯ ಫಲಿತಾಂಶ ಪ್ರಕಟವಾಗಿದ್ದು 1952ರಲ್ಲಿ. ತಂತಿಯನ್ನು ಪದೇಪದೇ ಬಗ್ಗಿಸಿ ಮುರಿಯುವ ಆಟ ನಾವೆಲ್ಲ ಆಡಿದ್ದೀವಲ್ಲ, ಅದೇ ಫೆಟೀಗ್. ಮಾರ್ಕ್ಲ್ ಕಂಡ ನಿಯಮದ ಪ್ರಕಾರ ಸ್ಟ್ರೆಸ್ ಎರಡು ಪಟ್ಟಾದ್ರೆ ಬಾಳಿಕೆ 32ರಲ್ಲಿ ಒಂದು ಭಾಗಕ್ಕೆ ಇಳಿಯುತ್ತೆ. ಅವರದೇ ಸೂತ್ರದಲ್ಲಿ 4 ಇಂಚಿನ ಸಾಮಾನ್ಯ ಎಲ್ಬೋ ಅಳತೆ ಹಾಕಿದ್ರೆ, ನೇರ ಪೈಪಿನ ವೆಲ್ಡಿಂಗ್‌ಗಿಂತ ಅದರಲ್ಲಿ ಸ್ಟ್ರೆಸ್ ಸುಮಾರು 2 ಪಟ್ಟು. ಅಂದ್ರೆ ಅದೇ ಬಗ್ಗಿಸುವಿಕೆಗೆ ಎಲ್ಬೋ ಬಾಳೋದು ಸುಮಾರು ಮೂವತ್ತರಲ್ಲಿ ಒಂದು ಪಾಲು ಮಾತ್ರ. ಪೈಪಿನ ಕೋಡ್‌ಗಳು ದಶಕಗಳ ಕಾಲ ನಿಂತಿದ್ದು ಈ ಅಂಕಿಗಳ ಮೇಲೆ.

ಆದ್ರೆ ಮಾರ್ಕ್ಲ್ ಪರೀಕ್ಷೆಗಳು ಬಹುಪಾಲು ತಣ್ಣಗಿನ ಪೈಪಿನವು. ಕ್ರೀಪ್ ಅಲ್ಲಿ ಬರಲೇ ಇಲ್ಲ.

ಸೋಡಿಯಂ ರಿಯಾಕ್ಟರ್ ತಂದಿಟ್ಟ ಪ್ರಶ್ನೆ

ಕಾದ ಪೈಪಿನ ಪರೀಕ್ಷೆ ಒಂದು ಶಾಸ್ತ್ರವಾಗಿ ಬೆಳೆದಿದ್ದು 1970ರ ದಶಕದಲ್ಲಿ, ಫಾಸ್ಟ್ ಬ್ರೀಡರ್ ರಿಯಾಕ್ಟರ್‌ಗಳಿಂದ. ಇವುಗಳಲ್ಲಿ ಶಾಖ ಸಾಗಿಸೋದು ನೀರಲ್ಲ, ಕರಗಿದ ಸೋಡಿಯಂ. ಒತ್ತಡ ಕಡಿಮೆ ಇರೋದ್ರಿಂದ ಪೈಪಿನ ಗೋಡೆ ತೆಳ್ಳಗೆ ಸಾಕು. ಆದ್ರೆ ಬಿಸಿ 500 ಡಿಗ್ರಿ ದಾಟುತ್ತೆ, ಮತ್ತೆ ಸೋಡಿಯಂ ಶಾಖವನ್ನು ಅತಿವೇಗವಾಗಿ ದಾಟಿಸುತ್ತೆ. ರಿಯಾಕ್ಟರ್ ದಿಢೀರ್ ನಿಂತಾಗ ಕಾದ ಪೈಪಿನೊಳಗೆ ತಣ್ಣನೆಯ ಸೋಡಿಯಂ ನುಗ್ಗುತ್ತೆ. ಗೋಡೆಯ ಒಳಮೈ ಕ್ಷಣದಲ್ಲಿ ಕುಗ್ಗುತ್ತೆ, ಹೊರಮೈ ಇನ್ನೂ ಬಿಸಿಯಾಗಿಯೇ ಇರುತ್ತೆ. ಒಲೆ ಮೇಲಿನ ಗಾಜಿನ ಪಾತ್ರೆಗೆ ತಣ್ಣೀರು ಸುರಿದ ಹಾಗೆ.

ಪ್ರತಿ ಸಲ ಹೀಗಾದಾಗ ಪೈಪು ಒಂದಿಷ್ಟು ಉಬ್ಬಿ, ಪೂರ್ತಿ ಹಿಂದಕ್ಕೆ ಬರದೇ ಹೋಗಬಹುದು. ಸೈಕಲ್‌ನ ಫ್ರೀವೀಲ್ ಒಂದೇ ದಿಕ್ಕಿಗೆ ಟಿಕ್ ಟಿಕ್ ಅಂತ ಹೋಗುತ್ತಲ್ಲ, ಹಾಗೆ. ಇದರ ಹೆಸರು ರ‍್ಯಾಚೆಟಿಂಗ್. ಯಾವ ಒತ್ತಡಕ್ಕೆ, ಎಷ್ಟು ತಾಪಮಾನದ ಏರಿಳಿತಕ್ಕೆ ಇದು ಶುರುವಾಗುತ್ತೆ ಅಂತ ಬ್ರಿಟನ್ನಿನ ಜಾನ್ ಬ್ರೀ 1967ರಲ್ಲಿ ಒಂದು ನಕ್ಷೆ ಕೊಟ್ಟರು. ಅದು ಕಾಗದದ ಮೇಲಿನ ಲೆಕ್ಕ. ನಿಜವಾದ ಪೈಪಿನಲ್ಲಿ?

ಅದನ್ನು ನೋಡೋ ಕೆಲಸ ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದ ಪಾಲಿಗೆ ಬಂತು. ಅಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಪೈಪಿನೊಳಗೆ ಸೋಡಿಯಂ ಹರಿಸಿ, ನಡುನಡುವೆ ದಿಢೀರ್ ತಣ್ಣಗೆ ಮಾಡಿ, ಮತ್ತೆ ಬಿಸಿಯಲ್ಲಿ ಬಹುಕಾಲ ಹಿಡಿದಿಟ್ಟು, ಗೋಡೆ ಎಷ್ಟು ಉಬ್ಬಿತು ಅಂತ ಅಳೆದರು. ತೊಲೆ, ತಟ್ಟೆ, ಪೈಪಿನ ಜೋಡಣೆ ಹೀಗೆ ಸರಳವಾದದ್ದರಿಂದ ಜಟಿಲವಾದದ್ದಕ್ಕೆ ಹೋದರು. ಉದ್ದೇಶ ಪೈಪು ಗಟ್ಟಿಯಿದೆಯಾ ಅಂತ ನೋಡೋದಲ್ಲ, ಲೆಕ್ಕ ಗಟ್ಟಿಯಿದೆಯಾ ಅಂತ ನೋಡೋದು. ಈ ವ್ಯತ್ಯಾಸ ಮುಖ್ಯ. ಒಂದು ಪೈಪು ಪಾಸಾದ್ರೆ ಆ ಒಂದು ಪೈಪಿನ ಬಗ್ಗೆ ಗೊತ್ತಾಗುತ್ತೆ. ಲೆಕ್ಕದ ವಿಧಾನ ಪಾಸಾದ್ರೆ ಇನ್ನೂ ಕಟ್ಟದೇ ಇರೋ ಪೈಪುಗಳ ಬಗ್ಗೆಯೂ ಏನಾದ್ರೂ ಹೇಳಬಹುದು.

ಪರೀಕ್ಷೆ ನಡೆಯೋದು ಹೀಗೆ

ಸ್ಥೂಲವಾಗಿ ಐದು ಹಂತ.

ಮೊದಲು, ಪರೀಕ್ಷಿಸುವ ಎಲ್ಬೋ ಯಾವ ಉಕ್ಕಿನ ಎರಕದಿಂದ ಬಂತೋ ಅದೇ ಎರಕದಿಂದ ಕಡ್ಡಿಗಳನ್ನು ಮಾಡಿ ಲೋಹದ ಗುಣ ಅಳೀತಾರೆ. ಯಾಕೆ ಅಂದ್ರೆ ಒಂದೇ ಹೆಸರಿನ ಉಕ್ಕು ಎರಕದಿಂದ ಎರಕಕ್ಕೆ ಬೇರೆ ಥರ ವರ್ತಿಸುತ್ತೆ.

ಎರಡನೆಯದು, ಎಲ್ಬೋದ ಗೋಡೆಯ ದಪ್ಪವನ್ನು ಹಲವು ಕಡೆ ಅಳೀತಾರೆ. ಪೈಪು ಬಗ್ಗಿಸುವಾಗ ಹೊರ ತಿರುವು ತೆಳ್ಳಗಾಗುತ್ತೆ, ಒಳ ತಿರುವು ದಪ್ಪವಾಗುತ್ತೆ. ಕಂಪ್ಯೂಟರಿಗೆ ನಕ್ಷೆಯ ಅಳತೆ ಕೊಟ್ರೆ ಸಾಲದು, ನಿಜದ ಅಳತೆ ಬೇಕು.

ಮೂರನೆಯದು, ಉತ್ತರವನ್ನು ಮೊದಲೇ ಬರೆದಿಡಬೇಕು. ಎಷ್ಟು ಬಾಗುತ್ತೆ, ಎಷ್ಟು ಚಪ್ಪಟೆಯಾಗುತ್ತೆ, ಬಿರುಕು ಎಲ್ಲಿ ಬರುತ್ತೆ ಅಂತ ಪರೀಕ್ಷೆಗೆ ಮುಂಚೆಯೇ ಲೆಕ್ಕ ಹಾಕಿ ಮುಚ್ಚಿಡಬೇಕು. ಫಲಿತಾಂಶ ನೋಡಿದ ಮೇಲೆ ಲೆಕ್ಕವನ್ನು ಅದಕ್ಕೆ ಹೊಂದಿಸೋದು ಯಾರಿಗೂ ಕಷ್ಟವಲ್ಲ. ಚುನಾವಣೆ ಮುಗಿದ ಮೇಲೆ ಭವಿಷ್ಯ ಹೇಳಿದ ಹಾಗೆ.

ನಾಲ್ಕನೆಯದು, ಕಾಯಿಸಿ, ಬಗ್ಗಿಸಿ, ಹಿಡಿದಿಡೋದು. ಭಾರವನ್ನು ಸ್ಥಿರವಾಗಿಟ್ಟರೆ ಎಲ್ಬೋ ಜಗ್ಗುತ್ತಾ ಹೋಗುತ್ತೆ. ಬಾಗುವಿಕೆಯನ್ನು ಸ್ಥಿರವಾಗಿಟ್ಟರೆ ಒಳಗಿನ ಸ್ಟ್ರೆಸ್ ನಿಧಾನಕ್ಕೆ ಇಳಿಯುತ್ತೆ. ನಿಜವಾದ ಪೈಪ್ ಸಾಲಿನಲ್ಲಿ ಇವೆರಡರ ಮಧ್ಯದ ಸ್ಥಿತಿ ಇರುತ್ತೆ. ಉಳಿದ ಸಾಲೆಲ್ಲ ಒಂದು ದೊಡ್ಡ ಸ್ಪ್ರಿಂಗ್ ಥರ ಒತ್ತುತ್ತಾ, ಅತಿ ದುರ್ಬಲವಾದ ಒಂದು ಎಲ್ಬೋ ಮೇಲೆ ತನ್ನ ಬಾಗುವಿಕೆಯನ್ನೆಲ್ಲ ಸುರಿಯುತ್ತೆ. ಒಂದು ಕಡೆಯ ದೌರ್ಬಲ್ಯಕ್ಕೆ ಇಡೀ ಸಾಲು ಕೈಜೋಡಿಸುತ್ತೆ. ಸರಳ ಲೆಕ್ಕಗಳು ಹೆಚ್ಚಾಗಿ ಎಡವೋದು ಇಲ್ಲೇ.

ಕೊನೆಗೆ, ಹೋಲಿಕೆ. ಲೆಕ್ಕ ಮತ್ತು ಅಳತೆ ಎಲ್ಲಿ ಹೊಂದಿತು, ಎಲ್ಲಿ ಹೊಂದಲಿಲ್ಲ, ಯಾವ ದಿಕ್ಕಿಗೆ ತಪ್ಪಿತು. ಲೆಕ್ಕ ಹೇಳಿದ್ದಕ್ಕಿಂತ ಪೈಪು ಹೆಚ್ಚು ಬಾಳಿದ್ರೆ ಅದು ಖರ್ಚಿನ ತಪ್ಪು. ಕಡಿಮೆ ಬಾಳಿದ್ರೆ ಅದು ಜೀವದ ತಪ್ಪು.

ಈ ಕೆಲಸದಿಂದ ಬಂದ ನಿಯಮಗಳಲ್ಲಿ ಒಂದನ್ನ ಉದಾಹರಣೆಗೆ ನೋಡಿ. ಕ್ರೀಪ್‌ನಿಂದ ಪೈಪಿನ ಆಯಸ್ಸು ಶೇ. 30 ಮುಗಿದಿದೆ, ಫೆಟೀಗ್‌ನಿಂದ ಶೇ. 30 ಮುಗಿದಿದೆ ಅಂದುಕೊಳ್ಳಿ. ಕೂಡಿದ್ರೆ ಶೇ. 60, ಇನ್ನೂ ಶೇ. 40 ಬಾಕಿ ಅಂತ ಅನ್ನಿಸುತ್ತೆ. ಆದ್ರೆ ಎಎಸ್‌ಎಂಇಯ ಅಣು ಕೋಡ್ ಪ್ರಕಾರ 304 ಮತ್ತು 316 ಸ್ಟೇನ್‌ಲೆಸ್ ಸ್ಟೀಲ್‌ಗೆ ಅಲ್ಲಿಗೇ ಮುಗೀತು. ಕ್ರೋಮಿಯಂ-ಮಾಲಿಬ್ಡಿನಂ ಬೆರೆಸಿದ ಇನ್ನೊಂದು ಸಾಮಾನ್ಯ ಉಕ್ಕಿಗೆ ಮಿತಿ ಇನ್ನೂ ಬಿಗಿ: 10 ಮತ್ತು 10. ಎರಡು ಕಾಯಿಲೆ ಒಟ್ಟಿಗೆ ಬಂದಾಗ ಒಂದು ಇನ್ನೊಂದನ್ನು ಉಲ್ಬಣಿಸುತ್ತೆ ಅಂತ ತೋರಿಸಿಕೊಟ್ಟಿದ್ದು ಪರೀಕ್ಷೆಗಳೇ.

ನಿಯಂತ್ರಕರು ಸುಮ್ಮನೆ ಒಪ್ಪಲಿಲ್ಲ

ಈ ನಿಯಮಗಳು ಎಎಸ್‌ಎಂಇಯಲ್ಲಿ 1974ರಲ್ಲಿ ಕೋಡ್ ಕೇಸ್ 1592 ಆಗಿ, ಆಮೇಲೆ ಎನ್-47 ಆಗಿ, 1995ರಲ್ಲಿ ಸಬ್‌ಸೆಕ್ಷನ್ ಎನ್‌ಎಚ್ ಆಗಿ, 2011ರಲ್ಲಿ ಡಿವಿಷನ್ 5 ಆಗಿ ರೂಪ ಬದಲಿಸುತ್ತಾ ಬಂದವು. ನಡುವೆ ಒಂದು ಮುಖ್ಯ ಘಟನೆ ಇದೆ. ಟೆನ್ನೆಸ್ಸಿಯಲ್ಲಿ ಕಟ್ಟಬೇಕಿದ್ದ ಕ್ಲಿಂಚ್ ರಿವರ್ ಬ್ರೀಡರ್ ರಿಯಾಕ್ಟರ್‌ನ ಅರ್ಜಿ ಪರಿಶೀಲಿಸಿದ ಅಮೆರಿಕದ ಅಣು ನಿಯಂತ್ರಣ ಆಯೋಗ, 1983ರಲ್ಲಿ ಬಿಸಿ ಭಾಗಗಳ ವಿನ್ಯಾಸದ ಬಗ್ಗೆ 9 ಅನುಮಾನಗಳನ್ನು ಪಟ್ಟಿ ಮಾಡಿತು. ವೆಲ್ಡಿಂಗ್‌ನಲ್ಲಿ ಬಿರುಕು ಹುಟ್ಟುವ ಪ್ರಶ್ನೆ ಅದರಲ್ಲಿ ಮುಂಚೂಣಿಯಲ್ಲಿತ್ತು. ಅದೇ ವರ್ಷ ಅಮೆರಿಕದ ಸಂಸತ್ತು ಯೋಜನೆಗೆ ಹಣ ನಿಲ್ಲಿಸಿತು, ಮುಖ್ಯವಾಗಿ ಖರ್ಚಿನ ಕಾರಣಕ್ಕೆ. ಆದ್ರೆ ಆ 9 ಅನುಮಾನಗಳ ಪಟ್ಟಿ ಉಳೀತು. ಮುಂದಿನ ದಶಕಗಳ ಸಂಶೋಧನೆಗೆ ಅದೇ ಪ್ರಶ್ನೆಪತ್ರಿಕೆ ಆಯ್ತು. ಡಿವಿಷನ್ 5ಕ್ಕೆ ಆಯೋಗ ಷರತ್ತುಗಳ ಜೊತೆ ಒಪ್ಪಿಗೆ ಕೊಟ್ಟಿದ್ದು 2023ರಲ್ಲಿ. ಮೊದಲ ಕೋಡ್ ಕೇಸ್ ಬಂದು ಆಗಲೇ 49 ವರ್ಷ.

ನಿಯಂತ್ರಕರು ತಮ್ಮ ಅನುಮಾನವನ್ನು ಬರೆದು, ಎಲ್ಲರಿಗೂ ಸಿಗುವ ಹಾಗೆ ಇಟ್ಟಿದ್ದಕ್ಕೇ ನಾವು ಇವತ್ತು ಇದನ್ನೆಲ್ಲ ಮಾತಾಡೋಕೆ ಆಗ್ತಿರೋದು.

ಲೆಕ್ಕ ಎಲ್ಲೆಲ್ಲಿ ಸೋಲುತ್ತೆ

ಮೊಹಾವೆಗೆ ವಾಪಸ್ ಬರೋಣ. ಅಲ್ಲಿನ ಪೈಪು ಉಕ್ಕಿನ ಹಾಳೆಯನ್ನು ಸುತ್ತಿ ಉದ್ದಕ್ಕೆ ಬೆಸೆದಿದ್ದು. ಲೆಕ್ಕ ವೆಲ್ಡಿಂಗನ್ನು ಮೂಲ ಉಕ್ಕಿನಷ್ಟೇ ಗಟ್ಟಿ ಅಂತ ಹಿಡಿದಿತ್ತು. ಕ್ರೀಪ್‌ನಲ್ಲಿ ಹಾಗಿರಲಿಲ್ಲ. ಲೆಕ್ಕದಲ್ಲಿ ಗುಣಾಕಾರ ತಪ್ಪಿರಲಿಲ್ಲ, ಊಹೆ ತಪ್ಪಿತ್ತು.

ಎರಡನೆಯ ಉದಾಹರಣೆ ಜಪಾನಿನ ಮೊಂಜು ರಿಯಾಕ್ಟರ್. 1995ರ ಡಿಸೆಂಬರ್ 8ರಂದು ಸೋಡಿಯಂ ಪೈಪಿನೊಳಗೆ ಚಾಚಿಕೊಂಡಿದ್ದ ಥರ್ಮಾಮೀಟರ್‌ನ ಕವಚ ಮುರಿದು ಸುಮಾರು 640 ಕಿಲೋ ಸೋಡಿಯಂ ಸೋರಿ ಹೊತ್ತಿಕೊಂಡಿತು. ಹರಿವಿನ ಸುಳಿಗಳು ಆ ಕವಚವನ್ನು ಹರಿವಿನ ದಿಕ್ಕಿನಲ್ಲೇ ಕಂಪಿಸುವ ಹಾಗೆ ಮಾಡಿದ್ದವು. ಆ ಥರದ ಕಂಪನವನ್ನು ವಿನ್ಯಾಸದವರು ಪರಿಗಣಿಸಿರಲಿಲ್ಲ. ಯಾರಿಗೂ ವಿಕಿರಣದ ತೊಂದರೆ ಆಗಲಿಲ್ಲ. ಆದ್ರೆ ರಿಯಾಕ್ಟರ್ ನಡೆಸುತ್ತಿದ್ದ ಸರ್ಕಾರಿ ಸಂಸ್ಥೆ ಸೋರಿಕೆಯ ವಿಡಿಯೋವನ್ನು ಕತ್ತರಿಸಿ ತೋರಿಸಿದ್ದು ಬಯಲಾಯ್ತು. ಜನ ಕ್ಷಮಿಸದೇ ಹೋಗಿದ್ದು ಅದನ್ನ. ಮೊಂಜು ಮತ್ತೆ ಶುರುವಾಗೋಕೆ 2010ರ ತನಕ ಕಾಯಬೇಕಾಯ್ತು. 2016ರಲ್ಲಿ ಅದನ್ನು ಶಾಶ್ವತವಾಗಿ ಮುಚ್ಚುವ ತೀರ್ಮಾನ ಆಯ್ತು.

ಮೂರನೆಯದು ಅದೇ ದೇಶದ ಮಿಹಾಮಾ. 2004ರ ಆಗಸ್ಟ್ 9ರಂದು ಮೂರನೇ ಘಟಕದಲ್ಲಿ ಬಿಸಿನೀರಿನ ಪೈಪು ಒಡೆದು 5 ಕಾರ್ಮಿಕರು ಸತ್ತರು. ಅಲ್ಲಿ ಕ್ರೀಪ್ ಇರಲಿಲ್ಲ, ಬಿಸಿ ಬರೀ 140 ಡಿಗ್ರಿ. 10 ಮಿಲಿಮೀಟರ್ ಇದ್ದ ಗೋಡೆ ನೀರಿನ ಹರಿವಿಗೆ ಸವೆದು 1.4 ಮಿಲಿಮೀಟರ್ ಆಗಿತ್ತು. 1976ರಲ್ಲಿ ಘಟಕ ಶುರುವಾದಾಗಿನಿಂದ ಆ ಜಾಗ ತಪಾಸಣೆಯ ಪಟ್ಟಿಯಲ್ಲೇ ಇರಲಿಲ್ಲ.

ಊಹೆ ತಪ್ಪಬಹುದು, ಸಾಧ್ಯತೆಯೊಂದು ಬಿಟ್ಟುಹೋಗಬಹುದು, ಪಟ್ಟಿಯಲ್ಲಿ ಹೆಸರೇ ಇಲ್ಲದಿರಬಹುದು. ಈ ಮೂರನ್ನೂ ಕಂಪ್ಯೂಟರ್ ತಾನಾಗಿ ಹಿಡಿಯಲ್ಲ. ಅದು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತೆ.

ನಮ್ಮಲ್ಲಿ: ಕಲ್ಪಾಕ್ಕಂ

ಭಾರತಕ್ಕೆ ಈ ಶಾಸ್ತ್ರ ನೇರವಾಗಿ ಬೇಕಾಗಿರೋದು ತಮಿಳುನಾಡಿನ ಕಲ್ಪಾಕ್ಕಂನಲ್ಲಿ. ಅಲ್ಲಿನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ಪುಟ್ಟ ಪರೀಕ್ಷಾ ರಿಯಾಕ್ಟರ್ 1985ರ ಅಕ್ಟೋಬರ್‌ನಲ್ಲೇ ಚಾಲೂ ಆಗಿತ್ತು. 500 ಮೆಗಾವಾಟ್‌ನ ಪ್ರೋಟೋಟೈಪ್ ಫಾಸ್ಟ್ ಬ್ರೀಡರ್ ರಿಯಾಕ್ಟರ್ ನಿರ್ಮಾಣ ಶುರುವಾಗಿದ್ದು 2004ರಲ್ಲಿ. 2010ಕ್ಕೆ ಮುಗಿಯಬೇಕಿತ್ತು. ಅದರೊಳಗೆ ಇಂಧನ ತುಂಬುವ ಕೆಲಸಕ್ಕೆ ಚಾಲನೆ ಸಿಕ್ಕಿದ್ದು 2024ರ ಮಾರ್ಚ್‌ನಲ್ಲಿ. ಅಲ್ಲಿ ಸೋಡಿಯಂ 547 ಡಿಗ್ರಿಗೆ ಕಾಯುತ್ತೆ, ವಿನ್ಯಾಸದ ಆಯಸ್ಸು 40 ವರ್ಷ. ವಿನ್ಯಾಸಕ್ಕೆ ಆಧಾರವಾಗಿದ್ದು ಫ್ರಾನ್ಸಿನ ಆರ್‌ಸಿಸಿ-ಎಂಆರ್ ಕೋಡ್. ದೊಡ್ಡ ಭಾಗಗಳನ್ನು ಸೋಡಿಯಂನಲ್ಲಿ ಪರೀಕ್ಷಿಸುವ ವ್ಯವಸ್ಥೆ, ಹಬೆ ಉತ್ಪಾದಕದ ಪರೀಕ್ಷಾ ಘಟಕ, ಸೋಡಿಯಂ ಒಳಗೇ ಕ್ರೀಪ್ ಅಳೆಯುವ ಸೌಲಭ್ಯ ಎಲ್ಲವೂ ಕೇಂದ್ರದಲ್ಲಿವೆ.

ವಿಳಂಬವನ್ನು ಬೈಯೋದು ಸುಲಭ. ಖರ್ಚು, ಯೋಜನೆ, ಉತ್ತರದಾಯಿತ್ವದ ಬಗ್ಗೆ ಬೈಯಲೂಬೇಕು. ಆದ್ರೆ ಪರೀಕ್ಷೆಗೆ ಹೋದ ಸಮಯವನ್ನೂ ಅದೇ ಲೆಕ್ಕಕ್ಕೆ ಸೇರಿಸಿ "ಬೇಗ ಮುಗಿಸಿ" ಅನ್ನೋ ರಾಜಕಾರಣ ಅಪಾಯದ್ದು. ಇನ್ನೊಂದು ಕಡೆ ನಿಯಂತ್ರಕರ ಸ್ವಾತಂತ್ರ್ಯದ ಪ್ರಶ್ನೆ ಇದೆ. 1983ರಲ್ಲಿ ಶುರುವಾದ ಅಣುಶಕ್ತಿ ನಿಯಂತ್ರಣ ಮಂಡಳಿಗೆ ಕಾಯ್ದೆಯ ಬಲವಾಗಲೀ ಸಾಕಷ್ಟು ಸ್ವಾತಂತ್ರ್ಯವಾಗಲೀ ಇಲ್ಲ ಅಂತ ಸಿಎಜಿ 2012ರಲ್ಲೇ ಹೇಳಿತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ 'ಶಾಂತಿ' ಕಾಯ್ದೆ ಮಂಡಳಿಗೆ ಶಾಸನಬದ್ಧ ಸ್ಥಾನ ಕೊಟ್ಟಿದೆ, ಜೊತೆಗೆ ಅಣುವಿದ್ಯುತ್ ಕ್ಷೇತ್ರವನ್ನು ಖಾಸಗಿ ಕಂಪನಿಗಳಿಗೂ ತೆರೆದಿದೆ. ಹಾಗಾಗಿ ಲೆಕ್ಕವನ್ನು ಯಾರು ಪರೀಕ್ಷಿಸ್ತಾರೆ, ಫಲಿತಾಂಶ ಯಾರ ಬಳಿ ಇರುತ್ತೆ ಅನ್ನೋ ಪ್ರಶ್ನೆ ಈಗ ಮೊದಲಿಗಿಂತ ದೊಡ್ಡದು.

ನಮ್ಮಲ್ಲಿ: ರಾಯಚೂರು

ಕರ್ನಾಟಕದ ಕೈಗಾ ಸ್ಥಾವರದಲ್ಲಿ ಉಕ್ಕಿನ ಪೈಪುಗಳು 300 ಡಿಗ್ರಿಯ ಆಸುಪಾಸಿನಲ್ಲಿ ಓಡೋದ್ರಿಂದ ಅಲ್ಲಿನ ಪ್ರಶ್ನೆಗಳು ಬೇರೆ. ಕ್ರೀಪ್‌ನ ಪ್ರಶ್ನೆ ನಮಗೆ ಎದುರಾಗೋದು ರಾಯಚೂರು, ಬಳ್ಳಾರಿ ಬಳಿಯ ಕುಡತಿನಿ, ಯರಮರಸ್‌ನ ಕಲ್ಲಿದ್ದಲು ಕೇಂದ್ರಗಳಲ್ಲಿ.

ಆರ್‌ಟಿಪಿಎಸ್ ಮೊದಲ ಘಟಕ ಶುರುವಾಗಿದ್ದು 1985ರಲ್ಲಿ. 40 ವರ್ಷ ಅಂದ್ರೆ ಸುಮಾರು 3.5 ಲಕ್ಷ ಗಂಟೆ. ಒಂದು ಘಟಕ ಅದರಲ್ಲಿ ಅರ್ಧ ಕಾಲ ಮಾತ್ರ ಓಡಿದ್ರೂ 1.75 ಲಕ್ಷ ಗಂಟೆ. ಭಾರತೀಯ ಬಾಯ್ಲರ್ ನಿಯಮಾವಳಿಯ ಪ್ರಕಾರ 400 ಡಿಗ್ರಿ ಮತ್ತು ಅದಕ್ಕಿಂತ ಹೆಚ್ಚು ಬಿಸಿಯಲ್ಲಿ ಓಡುವ ಬಾಯ್ಲರ್‌ಗಳಿಗೆ 1 ಲಕ್ಷ ಗಂಟೆ ಆದ ಮೇಲೆ ಉಳಿದ ಆಯಸ್ಸಿನ ಪರೀಕ್ಷೆ ಆಗಬೇಕು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಸಿಪಿಆರ್‌ಐ ಇಂಥ ಪರೀಕ್ಷೆ ಮಾಡುವ ಸಂಸ್ಥೆಗಳಲ್ಲಿ ಒಂದು.

ಈಗ ಹೊಸ ಅಂಶವೊಂದು ಸೇರಿದೆ. ಹಗಲು ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್‌ನಂಥ ಕಡೆಗಳಿಂದ ವಿದ್ಯುತ್ ಬರುತ್ತೆ. ಮಳೆಗಾಲದಲ್ಲಿ ಶರಾವತಿ ಕೈಹಿಡಿಯುತ್ತೆ. ಆಗ ಕಲ್ಲಿದ್ದಲು ಘಟಕಗಳನ್ನು ಇಳಿಸು, ನಿಲ್ಲಿಸು, ಸಂಜೆ ಮತ್ತೆ ಏರಿಸು. ಕಲ್ಲಿದ್ದಲು ಘಟಕಗಳು ಶೇ. 40ರ ಮಟ್ಟಕ್ಕೆ ಇಳಿದು ಓಡುವಂತಾಗಬೇಕು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರಲ್ಲಿ ನಿಯಮ ತಂದಿದೆ. ಹವಾಮಾನದ ದೃಷ್ಟಿಯಿಂದ ಇದು ಬೇಕಾದದ್ದೇ. ಆದ್ರೆ ಹಗಲೂ ರಾತ್ರಿ ಒಂದೇ ಸಮ ಓಡಲಿ ಅಂತ ವಿನ್ಯಾಸ ಮಾಡಿದ, ಕ್ರೀಪ್‌ನಲ್ಲಿ ದಶಕಗಳನ್ನು ಕಳೆದ ಪೈಪಿಗೆ ಈಗ ಫೆಟೀಗ್‌ನ ಪೆಟ್ಟೂ ಬೀಳ್ತಿದೆ. ಎರಡೂ ಸೇರಿದ್ರೆ ಏನಾಗುತ್ತೆ ಅಂತ ಮೇಲೆ ನೋಡಿದ್ವಿ. ಹಳೆಯ ಲೆಕ್ಕ ಈ ಹೊಸ ಬಳಕೆಗೆ ಹಾಕಿದ್ದಲ್ಲ.

ಇದೇ ಹೊತ್ತಿಗೆ 1923ರ ಬಾಯ್ಲರ್ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂದಿದೆ. 7 ಅಪರಾಧಗಳ ಪೈಕಿ ಜೀವಹಾನಿ ಆಗಬಹುದಾದ 4ಕ್ಕೆ ಕ್ರಿಮಿನಲ್ ಶಿಕ್ಷೆ ಉಳಿಸಿ, ಉಳಿದ 3ಕ್ಕೆ ಹಣದ ದಂಡ ಇಟ್ಟಿದ್ದಾರೆ. ಸರ್ಕಾರಿ ಇನ್‌ಸ್ಪೆಕ್ಟರ್ ಅಲ್ಲದವರೂ ತಪಾಸಣೆ ಮಾಡಬಹುದು ಅನ್ನೋದು 2007ರ ತಿದ್ದುಪಡಿಯಿಂದಲೇ ಇದೆ. ಉದ್ಯಮಕ್ಕೆ ಅನುಕೂಲ ಅನ್ನೋದು ಸರ್ಕಾರದ ವಾದ. ಪೈಪಿನ ಪಕ್ಕ ನಿಂತು ಕೆಲಸ ಮಾಡುವ ಗುತ್ತಿಗೆ ಕಾರ್ಮಿಕರಿಗೆ ಏನು ಅನುಕೂಲ ಅನ್ನೋದು ಕೇಳಬೇಕಾದ ಮಾತು.

ನಾವು ಕೇಳಬಹುದಾದ ಪ್ರಶ್ನೆಗಳು

ಇದೆಲ್ಲ ಎಂಜಿನಿಯರ್‌ಗಳ ವಿಷಯ, ನಮಗೇನು ಅಂತ ಬಿಡುವ ಹಾಗಿಲ್ಲ. ಯಾವುದೇ ಸ್ಥಾವರದ ಆಯಸ್ಸು ವಿಸ್ತರಿಸುವ ಪ್ರಸ್ತಾಪ ಬಂದಾಗ, ಸಾರ್ವಜನಿಕ ಅಹವಾಲು ಸಭೆಯಲ್ಲಿ, ಮಾಹಿತಿ ಹಕ್ಕಿನ ಅರ್ಜಿಯಲ್ಲಿ, ಶಾಸಕರ ಮುಂದೆ ಇಷ್ಟನ್ನು ಕೇಳಬಹುದು:

- ಉಳಿದ ಆಯಸ್ಸಿನ ಲೆಕ್ಕಕ್ಕೆ ಬಳಸಿದ ತಾಪಮಾನ ವಿನ್ಯಾಸದ್ದೋ, ನಿಜವಾಗಿ ದಾಖಲಾದದ್ದೋ? 20 ಡಿಗ್ರಿ ಫರಕಿನ ಬೆಲೆ ಏನು ಅಂತ ಈಗ ನಿಮಗೆ ಗೊತ್ತು.
- ಘಟಕವನ್ನು ಎಷ್ಟು ಸಲ ನಿಲ್ಲಿಸಿ ಶುರು ಮಾಡಲಾಗಿದೆ? ಆ ಸಂಖ್ಯೆ ಲೆಕ್ಕದೊಳಗೆ ಇದೆಯಾ?
- ವೆಲ್ಡಿಂಗ್‌ಗಳಿಗೆ ಬೇರೆ ಲೆಕ್ಕ ಹಾಕಿದ್ದಾರಾ? ಎಲ್ಬೋಗಳ ದಪ್ಪ ಅಳೆದಿದ್ದಾರಾ?
- ತಪಾಸಣೆಯ ಪಟ್ಟಿಯಲ್ಲಿ ಯಾವ ಜಾಗಗಳಿಲ್ಲ, ಯಾಕಿಲ್ಲ?
- ಲೆಕ್ಕ ಹಾಕಿದವರನ್ನು ಬಿಟ್ಟು ಬೇರೆ ಯಾರು ಪರಿಶೀಲಿಸಿದ್ದಾರೆ? ಅವರ ಸಂಬಳ ಕೊಡೋರು ಯಾರು?
- ಲೆಕ್ಕಕ್ಕೂ ಅಳತೆಗೂ ಎಲ್ಲಿ ಹೊಂದಲಿಲ್ಲ? "ಎಲ್ಲಾ ಹೊಂದಿದೆ" ಅನ್ನೋ ಉತ್ತರ ಬಂದ್ರೆ ಇನ್ನೊಮ್ಮೆ ಕೇಳಿ.

ಕೊನೆಯ ಪ್ರಶ್ನೆಗೆ ಸಿಗುವ ಉತ್ತರದಲ್ಲಿ ಸಂಸ್ಥೆಯ ಗುಣ ಗೊತ್ತಾಗುತ್ತೆ. ಬಾಂಟ್ಲಿನ್‌ರ ಅಳತೆ ಸಿದ್ಧಾಂತಕ್ಕೆ ಹೊಂದದೇ ಇದ್ದಾಗ ಅದನ್ನು ಪ್ರಕಟಿಸಿದರು, ಮರುವರ್ಷ ಸಿದ್ಧಾಂತ ಸರಿಹೋಯ್ತು. ಮೊಂಜುವಿನಲ್ಲಿ ಹೊಂದದೇ ಇದ್ದದ್ದನ್ನು ಮುಚ್ಚಿಟ್ಟರು, ರಿಯಾಕ್ಟರೇ ಉಳೀಲಿಲ್ಲ. ಆಯಸ್ಸಿನ ಪರೀಕ್ಷೆಯ ವರದಿ ಕಪಾಟಿನಲ್ಲಿ ಇದ್ರೆ ಅದು ಕಂಪನಿಯ ಕಾಗದ. ಹೊರಗೆ ಬಂದ್ರೆ ಕಾರ್ಮಿಕರು, ಬೇರೆ ಎಂಜಿನಿಯರ್‌ಗಳು, ಪತ್ರಕರ್ತರು, ಊರಿನವರು ಎಲ್ಲರೂ ಓದಿ ಪ್ರಶ್ನೆ ಕೇಳಬಹುದಾದ ದಾಖಲೆ. ಸಾರ್ವಜನಿಕರ ಹಣದಲ್ಲಿ ನಡೆಯುವ ಸ್ಥಾವರಗಳ ಮಟ್ಟಿಗಾದ್ರೂ ಆ ವರದಿಗಳನ್ನು ಪ್ರಕಟಿಸೋದು ಕಡ್ಡಾಯ ಆಗಬೇಕು.